ಊರ ಬಂದೂಕು ನಮ್ಮ ಮನೆಯಲ್ಲಿದ್ದ ವರ್ಷ

ದಸರೆ ಮುಗಿದ ಮೇಲೆ ಒಂದು ದಿನ ಕೊಪ್ಪಳದಿಂದ ಗಂಗಾವತಿಗೆ ಬಸ್ಸಿನಲ್ಲಿ ಹೊರಟಿದ್ದೆ. ಹಿಟ್ನಾಳದಲ್ಲಿ ಹೆಣ್ಣುಮಗಳೊಬ್ಬಳು ಸೀತಾಫಲದ ಬುಟ್ಟಿ ಹೊತ್ತು ಹತ್ತಿದಳು. ಬುಟ್ಟಿಯನ್ನು ನನ್ನ ಕಾಲ ಬಳಿಯೇ ಇಳಿಸಿದಳು. ಮೇಲಿನ ಹಣ್ಣುಗಳು ಬಿರಿದಿದ್ದವು. ಬಸ್ಸು ಹೊರಟು ಗಾಳಿ ಬೀಸತೊಡಗಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ನನ್ನ ಅಂಗೈಗಳು ಬೆವರಿದವು.

"ಯಾಕ ಮುತ್ಯಾ, ಮೈಯಾಗ ಆರಾಮಿಲ್ಲೇನು? ಒಂದ್ ಹಣ್ಣ ತಿನ್ನು, ರೊಕ್ಕೇನ್ ಬ್ಯಾಡ," ಅಂದಳು.

"ಬ್ಯಾಡವ್ವಾ," ಎಂದೆ. ಮುಂದೆ ಬಸ್ಸು ನಿಂತಲ್ಲಿ ಇಳಿದು, ಗಂಗಾವತಿಯ ಕೆಲಸ ಬಿಟ್ಟು, ತಿರುಗಿ ಮನೆಗೆ ಬಂದೆ.

ಗುಡ್ಡದ ಸೆರಗಿನಲ್ಲಿರುವ ನಮ್ಮ ಊರಿನಲ್ಲಿ ಸೀತಾಫಲ ಹಣ್ಣಾಯಿತೆಂದರೆ ಕರಡಿ ಕೆಳಗೆ ಇಳಿಯಿತೆಂದೇ ಲೆಕ್ಕ. ಆ ವಾಸನೆಗೆ ಮಕ್ಕಳು ಕೂಡ ಹೆದರುತ್ತಿದ್ದರು. ನನಗೆ ಎಂಬತ್ತು ದಾಟಿದೆ, ಊರು ಬಿಟ್ಟು ಎಷ್ಟೋ ಕಾಲವಾಗಿದೆ, ಕರಡಿಗೆ ಹೆದರುವ ಕಾರಣ ಉಳಿದಿಲ್ಲ. ನಾನು ಹೆದರುವುದು ಒಬ್ಬ ಮನುಷ್ಯನ ಮುಖಕ್ಕೆ. ಅವನು ದ್ಯಾಮಣ್ಣ, ನಮ್ಮೂರ ಹೊಲಗಳ ಕಾವಲುಗಾರ. ಸತ್ತು ಬಹಳ ವರ್ಷವಾಯಿತು. ಅವನಿಗೆ ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ತಡವಾಗಿದೆ ಎಂದು ಗೊತ್ತು.

ನಲವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮದು ನಿಜಾಮನ ಸೀಮೆ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಸೀಮೆಎಣ್ಣೆ ಸಿಗದೆ ಹೋದಾಗ ಅದು ನಮ್ಮ ಊರಿಗೂ ತಿಳಿಯುತ್ತಿತ್ತು. ನಾನು ಉರ್ದುವಿನಲ್ಲಿ ಹೈಸ್ಕೂಲು ಮುಗಿಸಿ ಬಂದಿದ್ದೆ. ತಹಸೀಲ ಕಚೇರಿಯಲ್ಲಿ ಕಾರಕೂನನ ನೌಕರಿಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಊರಿಗೆಲ್ಲ ಉರ್ದು ಓದಬಲ್ಲವನು ನಾನೊಬ್ಬನೇ. ಸರ್ಕಾರದ ಕಾಗದ ಏನೇ ಬರಲಿ, ಚಾವಡಿಯಲ್ಲಿ ಎಲ್ಲರೂ ಕೂಡುತ್ತಿದ್ದರು, ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಹೇಳಿದ್ದೇ ಸರ್ಕಾರದ ಮಾತು.

ನಮ್ಮೂರಿಗೆ ಒಂದು ಬಂದೂಕಿತ್ತು. ಯಾರ ಸ್ವಂತದ್ದೂ ಅಲ್ಲ, ಊರದ್ದು. ಬಾಯಿಂದ ಮದ್ದು ತುಂಬಿ ಸರಳಿನಿಂದ ಜಡಿಯುವ ಹಳೆಯ ನಾಡಬಂದೂಕು. ಒಂದು ಮಹಾನವಮಿಯಿಂದ ಇನ್ನೊಂದು ಮಹಾನವಮಿಯ ತನಕ ಅದು ಒಂದೊಂದು ಮನೆಯಲ್ಲಿ ಇರಬೇಕೆಂಬುದು ಹಿರಿಯರು ಹಾಕಿದ ಕಟ್ಟಳೆ. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಹಲಗೆ ಬಾರಿಸುತ್ತ ಹಿಂದಿನ ಮನೆಯಿಂದ ಮುಂದಿನ ಮನೆಗೆ ಒಯ್ಯುತ್ತಿದ್ದರು. ದಿನಾಲೂ ಸಂಜೆ ದ್ಯಾಮಣ್ಣ ಬಂದು ಅದನ್ನು ತೆಗೆದುಕೊಂಡು ಹೊಲಕ್ಕೆ ಹೋಗುತ್ತಿದ್ದ. ಬೆಳಿಗ್ಗೆ ತಂದು ಅದೇ ಮೊಳೆಗೆ ತೂಗುಹಾಕುತ್ತಿದ್ದ. ಕಾವಲಿನ ಆಯವೆಂದು ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಕಾಳು ಹೋಗುತ್ತಿತ್ತು. ಊರ ಬಂದೂಕಿಗೆ ಪರವಾನಿಗಿ ಕೇಳುವ ವಾಡಿಕೆ ಆಗ ಇರಲಿಲ್ಲ. ಇದೆಯೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಅದು ನಮ್ಮ ಮನೆಯ ಸರದಿ.

ದ್ಯಾಮಣ್ಣ ಬಂದೂಕನ್ನು ಮುದುಕಿ ಎಂದು ಕರೆಯುತ್ತಿದ್ದ. "ಯಕ್ಕಾ, ಮುದುಕಿ ಉಂಡು ಕುಂತಾಳೇನು? ಕಳಸ್ರಿ, ಹೊತ್ತಾತು," ಎಂದು ಹೊರಗಿನಿಂದಲೇ ನಮ್ಮವ್ವನಿಗೆ ಕೂಗುತ್ತಿದ್ದ.

"ನಿನ್ ಹೇಣ್ತಿ ಮುಂದ ಹೇಳತೀನಿ ತಡಿ, ದಿನಾ ರಾತ್ರಿ ಇನ್ನೊಬ್ಬಾಕಿನ್ನ ಹೆಗಲ ಮ್ಯಾಲ ಹೊತಕೊಂಡ್ ಹೋಗ್ತಾನಂತ," ಅನ್ನುತ್ತಿದ್ದಳು ಅವ್ವ.

"ಆಕೀನ ಕಳಸ್ತಾಳ್ರಿ. ಈ ಮುದುಕಿ ಜೋಡಿ ಇದ್ರ ಬೆಳತನಾ ಜೀವಂತ ಬರ್ತೀನಂತ ಆಕಿಗೆ ಗೊತ್ತೈತಿ."

ಅದು ನಗೆಯ ಮಾತಾದರೂ ನಿಜ. ಆ ಬಂದೂಕಿನಿಂದ ಕರಡಿ ಸತ್ತದ್ದನ್ನು ನಾನು ಕಂಡಿಲ್ಲ. ಬೇಕಾಗಿದ್ದದ್ದು ಅದರ ಸದ್ದು. ಶೇಂಗಾ ಬಲಿಯುವ ಕಾಲಕ್ಕೆ ಕರಡಿಗಳು ಗುಡ್ಡದಿಂದ ಇಳಿದು ಬಳ್ಳಿ ಕಿತ್ತು ತಿನ್ನುತ್ತಿದ್ದವು. ದ್ಯಾಮಣ್ಣ ಹೊತ್ತು ಮುಳುಗಿದ ಕೂಡಲೇ ಹೊಲದ ಕಾವಲಿನ ಅಟ್ಟಣಿಗೆಯ ಮೇಲಿಂದ ಒಂದು ಬರೀ ಮದ್ದಿನ ಈಡು ಹಾರಿಸುತ್ತಿದ್ದ. ಬೆಳಿಗ್ಗೆ ಕೆಳಗೆ ಇಳಿಯುವ ಮೊದಲು ಇನ್ನೊಂದು. ಆ ಎರಡು ಈಡಿನ ನಡುವೆ ಅವನ ಜೀವ ಇರುತ್ತಿತ್ತು. ಊರಲ್ಲಿ ಸಂಜೆಯ ಸದ್ದು ಕೇಳಿದ ಮೇಲೆ ಹೆಂಗಸರು ದೀಪ ಹಚ್ಚುತ್ತಿದ್ದರು. "ಮುದುಕಿ ಕೆಮ್ಮಿದ್ಲು, ದೀಪ ಹಚ್ಚು," ಎನ್ನುವುದು ನಮ್ಮೂರಲ್ಲಿ ದಿನದ ಮಾತು.

ಆ ಬಂದೂಕಿಗೆ ಹೆದರುತ್ತಿದ್ದವನು ನಾನೊಬ್ಬನೇ ಇರಬೇಕು. ಹಗಲೆಲ್ಲ ಅದು ನಾನು ಕುಳಿತು ಓದುವ ಪಡಸಾಲೆಯಲ್ಲಿ, ನನ್ನ ತಲೆಯ ಮೇಲಿನ ಮೊಳೆಗೆ ತೂಗುತ್ತಿತ್ತು. ನೌಕರಿ ಕೊಡುವ ಮೊದಲು ಹುಡುಗನ ನಡತೆ ವಿಚಾರಿಸಲು ಪೊಲೀಸರು ಮನೆಗೆ ಬರುತ್ತಾರೆಂದು ಕೇಳಿದ್ದೆ. ಅದೇ ಮಳೆಗಾಲದಲ್ಲಿ ಗಂಗಾವತಿಯ ರಸ್ತೆಯಲ್ಲಿ ಕೈಗೆ ಬೇಡಿ ಹಾಕಿ ಒಬ್ಬನನ್ನು ನಡೆಸಿಕೊಂಡು ಹೋಗುವುದನ್ನು ಕಂಡೆ. ಏನು ಮಾಡಿದ್ದಾನೆಂದು ಬಂಡಿಯವನೊಬ್ಬನನ್ನು ಕೇಳಿದರೆ, "ಬಂದೂಕಿನ ಕೇಸಂತ್ರಿ," ಅಂದ. ನಿಜವೋ ಸುಳ್ಳೋ ಗೊತ್ತಿಲ್ಲ. ಬೇಡಿಯವನು ನನ್ನ ಕಡೆ ಒಮ್ಮೆ ನೋಡಿದ. ನನ್ನ ವಯಸ್ಸಿನವನೇ. ಅಂದಿನಿಂದ ಅಂಗಳದಲ್ಲಿ ಯಾರದೇ ಚಪ್ಪಲಿಯ ಸದ್ದಾದರೂ ಮೊದಲು ಮೊಳೆಯ ಕಡೆ ನೋಡುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಅವ್ವ ದೃಷ್ಟಿ ತೆಗೆದಳು.

ಭಾದ್ರಪದದಲ್ಲಿ ಪತ್ರಿಕೆ ಬಂತು. ಟಪಾಲಿನವನು ವಾರಕ್ಕೊಮ್ಮೆ ಗೌಡರ ಮನೆಗೆ ತಂದು ಹಾಕುತ್ತಿದ್ದ ಉರ್ದು ಪತ್ರಿಕೆ. ಚಾವಡಿಯಲ್ಲಿ ಜನ ಸೇರಿದರು. ಯುದ್ಧದ ಸುದ್ದಿ ಓದಿ ಹೇಳಿದೆ. ಒಳಪುಟದಲ್ಲಿ ಒಂದು ಸಣ್ಣ ಸುದ್ದಿಯಿತ್ತು. ಬಾಯಿಂದ ಮದ್ದು ತುಂಬುವ ಬಂದೂಕುಗಳನ್ನು ಪರವಾನಿಗಿ ಇಲ್ಲದೆ ಜನ ಇಟ್ಟುಕೊಳ್ಳಬಾರದೆಂದು, ಇದ್ದವನ್ನು ಠಾಣೆಗೆ ಒಪ್ಪಿಸಬೇಕೆಂದು ಸರ್ಕಾರ ಒಂದು ಮಸೂದೆ ತಯಾರಿಸಿದೆ. ಅದು ಇನ್ನೂ ವಿಚಾರದಲ್ಲಿದೆ. ಬೆಳೆ ಕಾಯಲು ಬಂದೂಕು ಬೇಕಾದ ಊರಿನವರು ತಮ್ಮ ಮಾತನ್ನು ತಹಸೀಲಿಗೆ ಬಂದು ತಿಳಿಸಬಹುದು. ಇಷ್ಟೇ.

ನಾನು ಮೊದಲಿನ ಭಾಗ ಓದಿ ಹೇಳಿದೆ. ಗೌಡರು ಬೀಡಿ ಆರಿಸಿ ಕೇಳಿದರು:

"ಇದು ಆಗಿ ಹೋಗೇತೋ, ಇನ್ನಾ ಮಾಡ್ತಾರೋ?"

ಸರಿಯಾಗಿ ಕೇಳಿದರು. ಹೆಬ್ಬೆಟ್ಟು ಒತ್ತುವ ಮನುಷ್ಯ, ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳಿದರು. ನನ್ನ ಕಣ್ಣೆದುರಿಗೆ ಉತ್ತರ ಇತ್ತು. ಆದರೆ ಉತ್ತರ ಹೇಳಿದರೆ ಏನಾಗುತ್ತದೆಂಬುದೂ ಕಂಡಿತು. ತಹಸೀಲಿಗೆ ಹೋಗೋಣ ನಡಿ ಅನ್ನುತ್ತಾರೆ, ಮಾತಾಡುವವನು ನಾನೇ ಆಗಬೇಕು, ನಾನು ನೌಕರಿ ಕೇಳಿದ ಕಚೇರಿಯಲ್ಲೇ ನಿಂತು ನಮ್ಮ ಮನೆಯಲ್ಲಿ ಬಂದೂಕಿದೆ ಎಂದು ಬಾಯಿಬಿಟ್ಟು ಹೇಳಬೇಕು.

"ಆಗೇತ್ರಿ," ಅಂದೆ. "ಜಾರಿ ಆಗೇತಿ. ಇಟ್ಕೊಂಡವ್ರಿಗೆ ಜೇಲು."

"ಬೆಳಿ ಕಾಯೋರ್ಗೂ ಏನು?" ದ್ಯಾಮಣ್ಣ ಹಿಂದಿನ ಸಾಲಿನಿಂದ ಕೇಳಿದ.

"ಎಲ್ಲಾರ್ಗೂ, ದ್ಯಾಮಣ್ಣಾ."

"ಕರಡಿಗೆ ಏನಾರ ಕಾಯ್ದೆ ಬರದಾರೇನು ನೋಡು ತಮ್ಮಾ. ಗುಡ್ಡ ಇಳೀಬಾರ್ದಂತ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಪತ್ರಿಕೆಯನ್ನು ನಾನು ಅವಸರದಿಂದ ಅಡ್ಡಾದಿಡ್ಡಿ ಮಡಚಿದ್ದನ್ನು ಗೌಡರು ನೋಡಿದರು. ಓದಿದ ಹುಡುಗ, ಊರಿನ ಸಲುವಾಗಿ ಹೆದರಿದ್ದಾನೆ ಅಂದುಕೊಂಡರು.

ಮಹಾನವಮಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅಲ್ಲಿಯ ತನಕ ತಡೆದಿದ್ದರೆ ಬಂದೂಕು ತಾನಾಗಿಯೇ ನಮ್ಮ ಮನೆಯಿಂದ ಹೋಗುತ್ತಿತ್ತು. ಹೆದರಿದವನಿಗೆ ಅಷ್ಟು ದಿನವೂ ತಡೆಯಲಾಗಲಿಲ್ಲ.

ಮರುದಿನವೇ ಗೌಡರು, ದ್ಯಾಮಣ್ಣ, ನಾನು ಬಂಡಿ ಕಟ್ಟಿಕೊಂಡು ಗಂಗಾವತಿಯ ಠಾಣೆಗೆ ಹೋದೆವು. ಹೊರಡುವ ಮೊದಲು ದ್ಯಾಮಣ್ಣ ಬಂದೂಕನ್ನು ಕುಸುಬಿ ಎಣ್ಣೆಯಿಂದ ಒರೆಸಿದ, ನಳಿಗೆಯೊಳಗೆ ಅರಿವೆ ಹಾಕಿ ತೆಗೆದ. ನಮ್ಮವ್ವ ಅದಕ್ಕೆ ಕುಂಕುಮ ಹಚ್ಚಿದಳು. ದಾರಿಯುದ್ದಕ್ಕೂ ಅವನು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಿದ್ದ. ಎದುರಿಗೆ ಯಾರೇ ಬಂದರೂ ನಾನು ಟವಲು ಎಳೆದು ಅದರ ಮೇಲೆ ಮುಚ್ಚುತ್ತಿದ್ದೆ. "ಕೊಡಾಕ ಹೊಂಟೀವಲ್ಲೋ, ಇನ್ಯಾಕ ಅಂಜಿಕಿ?" ಅಂದ.

ಠಾಣೆಯ ಅಮೀನ ಸಾಹೇಬರು, ಅಂದರೆ ಫೌಜದಾರರು, ವಯಸ್ಸಾದವರು, ಕನ್ನಡ ಬಾರದು. ನಾನು ಉರ್ದುವಿನಲ್ಲಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮಗನೇ, ಅಂಥ ಹುಕುಂ ಇನ್ನೂ ಬಂದಿಲ್ಲ," ಎಂದರು ಉರ್ದುವಿನಲ್ಲಿ. "ಮಾತು ನಡೆದಿದೆ ಅಷ್ಟೇ. ಆದೀತೋ ಇಲ್ಲವೋ. ನಿಮ್ಮದು ಗುಡ್ಡದ ಊರು. ಬೇಕಾದರೆ ಒಯ್ಯಿರಿ, ನಾನು ಕೇಳುವುದಿಲ್ಲ. ಬಿಟ್ಟು ಹೋಗುತ್ತೀರಾದರೆ ಬಿಟ್ಟು ಹೋಗಿ, ನಿಮ್ಮ ಹೆಸರು ಚೆನ್ನಾಗಿರುತ್ತದೆ. ಅವರನ್ನು ಕೇಳು."

ಗೌಡರು, ದ್ಯಾಮಣ್ಣ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಂದ್ರು ತಮ್ಮಾ?" ದ್ಯಾಮಣ್ಣ ಕೇಳಿದ.

ಜೀವನದಲ್ಲಿ ನನಗೆ ಸಿಕ್ಕ ದಯೆಯ ಮಾತುಗಳಲ್ಲಿ ಅದೊಂದು. ಎರಡು ಮಾತಿನಲ್ಲಿ ಕನ್ನಡಕ್ಕೆ ತಂದಿದ್ದರೆ ಬಂದೂಕು ಅದೇ ಬಂಡಿಯಲ್ಲಿ ಊರಿಗೆ ಬರುತ್ತಿತ್ತು. ಬಂದು ಮತ್ತೆ ನಮ್ಮ ಪಡಸಾಲೆಯ ಮೊಳೆಯನ್ನೇ ಸೇರುತ್ತಿತ್ತು. ಜೊತೆಗೆ, ಚಾವಡಿಯಲ್ಲಿ ನಾನು ಹೇಳಿದ್ದು ಸುಳ್ಳೆಂದು ಅಲ್ಲೇ ತಿಳಿಯುತ್ತಿತ್ತು.

"ಛಲೋ ಮಾಡಿದ್ರಿ, ಯಾಳ್ಯಾಕ್ಕ ತಂದ್ರಿ ಅಂದ್ರು," ಎಂದೆ.

ದ್ಯಾಮಣ್ಣ ಬಂದೂಕನ್ನು ಸಿಪಾಯಿಯ ಕೈಗೆ ಕೊಟ್ಟ. ಕೊಟ್ಟ ಮೇಲೂ ಸರಳನ್ನು ಬಿಡಲಿಲ್ಲ. "ತಂಪಿನ್ಯಾಗ ಇಡಬ್ಯಾಡ್ರಿ, ತುಕ್ಕ ಹಿಡೀತೈತಿ. ಗ್ವಾಡಿಗೆ ತಾಗಸಬ್ಯಾಡ್ರಿ," ಎಂದು ಹೇಳುತ್ತಲೇ ಇದ್ದ. ಸಿಪಾಯಿ ಹೂಂ ಹೂಂ ಅನ್ನುತ್ತಿದ್ದ. ಅಮೀನರು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ ಕನ್ನಡಕ ಹಾಕಿಕೊಂಡರು. ಅವರಿಗೆ ಏನೋ ಸಂಶಯ ಬಂದಿತ್ತೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಅಂದು ರಾತ್ರಿ ನಾನು ಹೊಟ್ಟೆ ತುಂಬ ಉಂಡು ಮಲಗಿದೆ. ಅದನ್ನೂ ಬರೆಯಬೇಕು.

ಮರುದಿನ ಸಂಜೆ ಸದ್ದಿಲ್ಲ. ಹೊತ್ತು ಮುಳುಗಿ ಕತ್ತಲಾದರೂ ಓಣಿಯಲ್ಲಿ ದೀಪ ಹಚ್ಚುವುದು ಹೆಂಗಸರಿಗೆ ನೆನಪಾಗಲಿಲ್ಲ. ಮಕ್ಕಳನ್ನು ಬೇಗ ಒಳಗೆ ಕರೆದುಕೊಂಡರು. ದ್ಯಾಮಣ್ಣ ಸೀಮೆಎಣ್ಣೆಯ ಖಾಲಿ ಡಬ್ಬಿ ಬಾರಿಸುತ್ತಿದ್ದ. ಗಾಳಿ ಊರ ಕಡೆ ಇದ್ದಾಗ ಅದರ ಸದ್ದು ಮನೆಯ ತನಕ ಬರುತ್ತಿತ್ತು. ಒಮ್ಮೊಮ್ಮೆ ನಿಲ್ಲುತ್ತಿತ್ತು. ನಿಂತಾಗ ನಾನು ಹಾಸಿಗೆಯಲ್ಲಿ ಎದ್ದು ಕುಳಿತುಕೊಳ್ಳುತ್ತಿದ್ದೆ. ಮತ್ತೆ ಶುರುವಾಗುವ ತನಕ ಮಲಗುತ್ತಿರಲಿಲ್ಲ. ಪೊಲೀಸರ ಭಯ ಹೋಗಿ ಅದರ ಜಾಗಕ್ಕೆ ಇದು ಬಂತು.

ಕರಡಿಗಳಿಗೆ ಡಬ್ಬಿಯ ಸದ್ದು ಬಹಳ ಬೇಗ ರೂಢಿಯಾಯಿತು. "ಬಾರಿಸಿದ್ರ ತಲಿ ಎತ್ತಿ ನೋಡ್ತಾವ, ಮತ್ತ ತಿಂತಾವ," ಎಂದು ದ್ಯಾಮಣ್ಣ ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲಿ ನಿಂತು ಹೇಳಿದ. ಬಂದೂಕು ತಂದಿಡುವ ರೂಢಿ, ಕಾಲು ತಾವಾಗಿಯೇ ನಮ್ಮ ಮನೆಗೆ ಬಂದಿದ್ದವು. ಬರಿ ಮೊಳೆ ನೋಡಿ ನಕ್ಕ. "ಬದುಕು ಅಂದ್ರ ಕಲೀಬೇಕಪಾ. ನಾನೂ ಕಲೀತೀನಿ, ಅವೂ ಕಲೀತಾವು."

"ಒಂದೀಟು ದಿನ ಹೋಗಬ್ಯಾಡ ದ್ಯಾಮಣ್ಣಾ," ಅಂದೆ. ಬಾಯಿಂದ ತಾನೇ ಬಂದುಬಿಟ್ಟಿತು.

"ಹೋಗಲಿಲ್ಲಂದ್ರ ಊರ ಬೆಳಿ ಯಾವನ್ ಕಾಯ್ತಾನ? ನಿಮ್ಮಪ್ಪನ ಹೊಲಾನೂ ಅಲ್ಲೇ ಐತಲ್ಲೋ."

ಖಂಡೆ ಪೂಜೆ ಬಂತು. ಬಂದೂಕು ಇಲ್ಲ. ಹಿರಿಯರು ನಮ್ಮ ಮನೆಗೆ ಬಂದು ಆ ಮೊಳೆಗೇ ಮಾಲೆ ಹಾಕಿ ಕಾಯಿ ಒಡೆದರು. ನಾನು ಹಿತ್ತಲಿಗೆ ಹೋಗಿ ನಿಂತುಕೊಂಡೆ.

ಅದಾದ ಕೆಲವೇ ದಿನಕ್ಕೆ, ಬೆಳಗಿನ ಹೊತ್ತು. ಚೆನ್ನಾಗಿ ಬೆಳಕಾಗಿತ್ತು. ನಾನು ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಗುಡ್ಡದ ಕಡೆಯಿಂದ ಒಂದು ಕೂಗು ಬಂತು. ಮನುಷ್ಯರದೋ ದನದ್ದೋ ತಿಳಿಯಲಿಲ್ಲ. ಜನ ಬಡಿಗೆ ಹಿಡಿದು ಓಡಿದರು. ನಾನೂ ಓಡಿದೆ, ಎಲ್ಲರಿಗಿಂತ ಹಿಂದೆ.

ದ್ಯಾಮಣ್ಣ ಡಬ್ಬಿ ಬಾರಿಸಿ, ಬೆಳಕಾಯಿತೆಂದು ಅಟ್ಟಣಿಗೆಯಿಂದ ಇಳಿದಿದ್ದ. ಕೆಳಗೆ ಕಿತ್ತ ಬಳ್ಳಿಯ ಗುಪ್ಪೆಯ ಹಿಂದೆ ಕರಡಿ ಇತ್ತು. ಜೊತೆಗೆ ಮರಿಗಳಿದ್ದವು. ಬಂದೂಕಿದ್ದ ವರ್ಷಗಳಲ್ಲಿ ಇಳಿಯುವ ಮೊದಲಿನ ಈಡಿಗೇ ಅವು ಗುಡ್ಡ ಹತ್ತಿರುತ್ತಿದ್ದವು.

ಕರಡಿ ಮುಖಕ್ಕೇ ಹಾಯುತ್ತದೆ. ಹೆಚ್ಚು ಬರೆಯಲಾರೆ. ಒಂದು ಕಣ್ಣು ಹೋಗಿತ್ತು, ಮೂಗು, ಬಾಯಿಯ ಒಂದು ಪಕ್ಕ ಹೋಗಿತ್ತು. ಅವನನ್ನು ಹೊರಸಿನ ಮೇಲೆ ಹೊತ್ತು ತಂದಾಗ ಉಳಿದ ಕಣ್ಣು ತೆರೆದೇ ಇತ್ತು, ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು. ನನ್ನ ಮೇಲೆ ಬರುವಷ್ಟರಲ್ಲಿ ನಾನು ತಲೆ ತಗ್ಗಿಸಿದೆ. ಅವನ ಹೆಂಡತಿ ನಾಗವ್ವ ಅಳಲಿಲ್ಲ. ಬಂಡಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೊಣ ಹೊಡೆಯುತ್ತ, ಕೊಪ್ಪಳದ ದವಾಖಾನೆಗೆ ಹೋದಳು.

"ಮುದುಕಿ ಇದ್ದಿದ್ರ..." ಎಂದು ಶುರುಮಾಡಿದ ನಮ್ಮವ್ವ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಆಕೆಗೆ ಎಷ್ಟು ತಿಳಿದಿತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವನು ಬದುಕಿದ. ನನಗೆ ನೌಕರಿ ಸಿಕ್ಕಿತು. ನಡತೆ ವಿಚಾರಿಸಲು ನಮ್ಮ ಮನೆಗೆ ಯಾರೂ ಬರಲೇ ಇಲ್ಲ. ಕಾನೂನು ಮೀರದ ಊರಿನ ಹುಡುಗ ಎಂದು ಠಾಣೆಯಿಂದಲೇ ಒಳ್ಳೆಯ ಮಾತು ಹೋಗಿತ್ತು. ಯಲಬುರ್ಗಾದ ಕಚೇರಿಗೆ ಹಾಕಿದರು. ಕರಿ ಮಣ್ಣಿನ ಬಯಲು, ಕಣ್ಣು ಹಾಯಿಸಿದಷ್ಟು ದೂರ ಜೋಳ. ನಮ್ಮೂರಿನಂಥ ಗುಡ್ಡ ಕಾಣುವುದಿಲ್ಲವೆಂದು ನಾನು ಮೊದಲ ದಿನ ಸಂತೋಷಪಟ್ಟೆ.

ಆ ಕಚೇರಿಯಲ್ಲೇ ಮುಂದಿನ ವರ್ಷ ತಿಳಿಯಿತು. ಬಂದೂಕಿನ ಮಸೂದೆಗೆ ಬಹಳ ಕಡೆಯ ರೈತರು ತಕರಾರು ಮಾಡಿದ್ದರಂತೆ. ಅದನ್ನು ಸರ್ಕಾರ ಬದಿಗಿಟ್ಟಿತ್ತು. ಬೇರೆ ಗುಡ್ಡದ ಊರುಗಳಲ್ಲಿ ಬಂದೂಕುಗಳು ಹಾಗೆಯೇ ಇದ್ದವು. ಹಿರಿಯ ಕಾರಕೂನರು ಇದನ್ನು ಊಟದ ಹೊತ್ತಿನಲ್ಲಿ, ರೊಟ್ಟಿ ಮುರಿಯುತ್ತ, ಸಹಜವಾಗಿ ಹೇಳಿದರು. ನಾನು ಕೈ ತೊಳೆದುಕೊಂಡು ಎದ್ದೆ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ದ್ಯಾಮಣ್ಣ ಕಚೇರಿಗೆ ಬಂದ. ಕೊಪ್ಪಳದ ತನಕ ಯಾರದೋ ಬಂಡಿ, ಅಲ್ಲಿಂದ ಇದ್ದಿಲಿನ ಹೊಗೆಯಿಂದ ಓಡುವ ಆ ಕಾಲದ ಬಸ್ಸು. ಮುಖಕ್ಕೆ ಟವಲು ಸುತ್ತಿದ್ದ, ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಮಾತು ಅರ್ಧ ಅರ್ಧ ಬರುತ್ತಿತ್ತು, ನಿಧಾನವಾಗಿ ಕೇಳಿದರೆ ತಿಳಿಯುತ್ತಿತ್ತು. ಮೊದಲು ನನ್ನನ್ನು ತಮ್ಮಾ ಎನ್ನುತ್ತಿದ್ದವನು.

"ಸಾಹೇಬ್ರ, ಒಂದು ಕೇಳಾಕ ಬಂದೆ," ಅಂದ. "ನನ್ನ ಕೈಲಿ ಆಗಾಂಗಿಲ್ಲ, ಈ ವರ್ಷ ನನ್ನ ಮಗ ಕಾವಲಿಗೆ ಹೋಗ್ತಾನ. ಇನ್ನಾ ಸಣ್ಣಾವ. ಅವರವ್ವ ರಾತ್ರೆಲ್ಲಾ ಕುಂತೇ ಇರ್ತಾಳ. ಆ ಕಾಯ್ದೆ ಇನ್ನಾ ಐತೇನ್ರಿ? ತೆಗದಿದ್ರ ಮುದುಕಿನ್ನ ಕೇಳಿ ತರಬೌದಿತ್ತು."

ಹೊರಗೆ ಬಿಸಿಲು. ಕಚೇರಿಯ ಮಂದಿ ತಮ್ಮ ತಮ್ಮ ಕೆಲಸದಲ್ಲಿದ್ದರು. ಇಲ್ಲ ದ್ಯಾಮಣ್ಣಾ, ಅದು ಎಂದೂ ಇರಲಿಲ್ಲ ಎಂದರೆ, ಹಾಗಾದರೆ ಅಂದು ಯಾಕೆ ಐತಿ ಅಂದಿ ಎಂದು ಆ ಒಂದು ಕಣ್ಣು ಕೇಳುತ್ತಿತ್ತು. ತೆಗೆದಾರ ಎಂದು ಹೊಸ ಸುಳ್ಳು ಹೇಳಬಹುದಿತ್ತು. ಅದರಿಂದ ಬಂದೂಕಾದರೂ ಸಿಗುತ್ತಿತ್ತು. ಆದರೆ ಅವರು ಗಂಗಾವತಿಗೆ ಹೋದರೆ ಅಮೀನರು ಏನು ಹೇಳುತ್ತಾರೆ? ಈ ಸಲ ನಡುವೆ ನಿಲ್ಲಲು ನಾನಿರುವುದಿಲ್ಲ.

"ಐತಿ, ದ್ಯಾಮಣ್ಣಾ. ಇನ್ನಾ ಗಟ್ಟಿ ಮಾಡ್ಯಾರ," ಅಂದೆ.

ಅವನು ಟವಲಿನ ತುದಿಯನ್ನು ಬಿಗಿ ಮಾಡಿಕೊಂಡ. ಆಮೇಲೆ ತಲೆ ಆಡಿಸಿದ. "ಆಗ್ಲಿ ಬಿಡ್ರಿ. ನೀವು ಯಾಳ್ಯಾಕ್ಕ ಹೇಳಿದ್ದಕ್ಕ ಊರು ಜೇಲಿನಿಂದ ಉಳೀತು. ಅದನ್ನ ನಾವ್ ಮರತಿಲ್ಲ."

ಅವನ ಮಗ ಆ ಹಂಗಾಮು ಬರಿಗೈಯಲ್ಲಿ ಕಾದ. ಅವನಿಗೆ ಏನೂ ಆಗಲಿಲ್ಲ. ಆದರೆ ಶೇಂಗಾ ಕೀಳುವ ತನಕ, ಊರ ಕಡೆಯವರು ಯಾರೇ ಕಚೇರಿಯ ಮೆಟ್ಟಿಲು ಹತ್ತಿದರೂ ಅವರು ಬಾಯಿ ತೆರೆಯುವ ಮೊದಲು ನಾನು ಗೋಡೆ ಹಿಡಿದುಕೊಳ್ಳುತ್ತಿದ್ದೆ.

ಆ ದಿನ ದ್ಯಾಮಣ್ಣನನ್ನು ಹಾಗೆಯೇ ಕಳಿಸಲಾಗದೆ ಪಕ್ಕದ ಅಂಗಡಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದೆ. ಅವನು ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡ. ಟವಲಿಗೆ ಕೈ ಹಾಕಿ ತಡೆದ.

"ಸಾಹೇಬ್ರ, ಒಂದೀಟು ಆ ಕಡೆ ನೋಡ್ರಿ. ನಾ ಕುಡಿಯೂದ್ ನೋಡಿದ್ರ ನಿಮಗ ಹೇಸಿಕಿ ಬರ್ತೈತಿ."

ನನಗೆ ಆ ಕಡೆ ತಿರುಗಲಾಗಲಿಲ್ಲ. ಆಗ ಅವನೇ ಎದ್ದು, ಗೋಡೆಗೆ ಮುಖ ಮಾಡಿ, ಟವಲು ಸರಿಸಿ ಕುಡಿಯತೊಡಗಿದ. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಕುತ್ತಿಗೆಯ ಗುಂಟ ಇಳಿದು ಅಂಗಿ ತೋಯಿಸುತ್ತಿತ್ತು. ನನ್ನ ಎದುರಿಗೆ ಅವನ ಬೆನ್ನು ಮಾತ್ರ ಇತ್ತು. ಬೆನ್ನಿಗೆ ಹೇಳಬಹುದಿತ್ತು. ಆ ಕಣ್ಣನ್ನು ನೋಡದೆಯೇ ಎಲ್ಲವನ್ನೂ ಹೇಳಿ ಮುಗಿಸಬಹುದಿತ್ತು. ನಾನು ಬಾಯಿ ತೆರೆದೆ.

"ಇನ್ನೊಂದ್ ಕಪ್ ಹೇಳ್ಲೇನು, ದ್ಯಾಮಣ್ಣಾ?" ಅಂದೆ.